ಸ್ಪೀಚ್ ಥೆರಪಿ ಯಾವ ಭಾಷೆಯಲ್ಲಿ? ಕಾಸರಗೋಡಿನ ಮಟ್ಟಿಗೆ ಒಂದು ಲೆಕ್ಕಾಚಾರ

ಪ್ಲಸ್ ಟು ರಿಸಲ್ಟ್ ಬಂದ ಮೇಲೆ ಕಾಸರಗೋಡಿನ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ. ನೀಟ್‌ನಲ್ಲಿ ರ‍್ಯಾಂಕ್ ಬಂದರೆ ಎಂಬಿಬಿಎಸ್, ಇಲ್ಲದಿದ್ದರೆ ನರ್ಸಿಂಗ್, ಅದೂ ಆಗದಿದ್ದರೆ ಮಂಗಳೂರಿನಲ್ಲಿ ಯಾವುದಾದರೂ ಪ್ಯಾರಾಮೆಡಿಕಲ್. ಈ ಪಟ್ಟಿಯ ಕೊನೆಗೆ ಎಲ್ಲೋ ಬಿಎಎಸ್‌ಎಲ್‌ಪಿ ಅಂತ ಒಂದು ಹೆಸರು ಬರುತ್ತದೆ. "ಅದೆಂತ ಕೋರ್ಸು?" ಅಂತ ಅಪ್ಪ ಕೇಳುತ್ತಾರೆ. "ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವುದಂತೆ" ಅಂತ ಯಾರೋ ಹೇಳುತ್ತಾರೆ. ಚರ್ಚೆ ಬಿ.ಎಸ್ಸಿ ನರ್ಸಿಂಗಿನ ಫೀಸಿಗೆ ಹೋಗುತ್ತದೆ.

ಆ ಕೊನೆಯ ಹೆಸರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು ಅನಿಸುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲಯಾಳ ಮಾತಾಡಿ ಬೆಳೆದ ನಮ್ಮ ಹುಡುಗ ಹುಡುಗಿಯರ ಹತ್ತಿರ ಈ ವೃತ್ತಿಗೆ ತೀರಾ ಬೇಕಾದದ್ದು ಒಂದಿದೆ. ಯಾವ ಕಾಲೇಜೂ ಅದನ್ನು ನಾಲ್ಕು ವರ್ಷದಲ್ಲಿ ಕಲಿಸಿ ಕೊಡಲಾರದು. ಆದರೆ ಸೀಟು ಕೊಡುವಾಗಲೂ ಕೆಲಸ ಕೊಡುವಾಗಲೂ ಅದು ಲೆಕ್ಕಕ್ಕೆ ಬರುವುದು ಕಡಿಮೆ. ಸಮಸ್ಯೆಯ ಬುಡ ಇರುವುದು ಅಲ್ಲೇ.

ಕೆಲಸ ಅಂದರೆ ಏನು

"ಮಾತು ಕಲಿಸುವುದು" ಅನ್ನುವುದು ಅರ್ಧ ಸತ್ಯ. ಬಿಎಎಸ್‌ಎಲ್‌ಪಿ ಅಂದರೆ ಬ್ಯಾಚುಲರ್ ಇನ್ ಆಡಿಯೋಲಜಿ ಆ್ಯಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ. ಈ ಒಂದು ಡಿಗ್ರಿಯಲ್ಲಿ ಎರಡು ವೃತ್ತಿಗಳಿವೆ. ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸಿ ಮಷೀನು ಹೊಂದಿಸಿ ಕೊಡುವವರು ಆಡಿಯೋಲಜಿಸ್ಟ್. ಮಾತು, ಭಾಷೆ, ಸ್ವರ, ನುಂಗುವುದು ಇವನ್ನೆಲ್ಲ ನೋಡುವವರು ಸ್ಪೀಚ್ ಥೆರಪಿಸ್ಟ್, ಪುಸ್ತಕದ ಹೆಸರಿನಲ್ಲಿ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿಸ್ಟ್. ಉಗ್ಗುವ ಹುಡುಗ, ಸೀಳು ಅಂಗುಳದ ಮಗು, ಆಟಿಸಂ ಇರುವ ಮಗು, ಲಕ್ವ ಹೊಡೆದು ಮಾತು ನಿಂತ ಅಜ್ಜ, ಎಲ್ಲರೂ ಇವರ ಹತ್ತಿರವೇ ಬರಬೇಕು. ರಾತ್ರಿಯಿಡೀ ಪದ ಹೇಳಿ ಸ್ವರ ಒಡೆದ ಭಾಗವತರೂ, ದಿನಾ ಕ್ಲಾಸಿನಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಟೀಚರೂ ಬರಬೇಕು. ಅವರು ಬರುವುದಿಲ್ಲ, ಕಷಾಯ ಕುಡಿಯುತ್ತಾರೆ. ಅದು ಬೇರೆ ವಿಷಯ.

ನುಂಗುವುದಕ್ಕೂ ಸ್ಪೀಚ್ ಥೆರಪಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಮಾತಾಡುವ ನಾಲಗೆ, ತುಟಿ, ಗಂಟಲೇ ಅಲ್ವಾ ನುಂಗುವುದು? ಲಕ್ವದ ನಂತರ ಗಂಜಿ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವುದನ್ನು ತಪ್ಪಿಸುವುದು ಇವರ ಕೆಲಸ. ಬಾಯಿ ಕ್ಯಾನ್ಸರಿಗೆ ನಾಲಗೆಯ ಭಾಗ ತೆಗೆದವರಿಗೆ ಮತ್ತೆ ಊಟ ಮಾಡಲು, ಮಾತಾಡಲು ಕಲಿಸುವುದೂ ಇವರೇ. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಅನ್ನನಾಳದ ಮೂಲಕ ಸ್ವರ ಹೊರಡಿಸುವುದನ್ನೂ ಹೇಳಿಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯೇ ಅನ್ನವಾಗಿರುವ ಊರಿನಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ, ನನಗೂ. ಆದರೆ ಕೆಲಸದ ಅಗತ್ಯ ಎಲ್ಲಿದೆ ಅಂತ ಹೇಳುವಾಗ ಅದನ್ನು ಬಿಡುವ ಹಾಗಿಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ ಮಾತಿನ ನ್ಯೂನತೆ ಇರುವವರು ಸುಮಾರು 20 ಲಕ್ಷ, ಶ್ರವಣ ನ್ಯೂನತೆ ಇರುವವರು ಸುಮಾರು 50 ಲಕ್ಷ. ಉಗ್ಗುವವರು, ಮಾತು ತಡವಾದ ಎರಡು ವರ್ಷದ ಮಕ್ಕಳು, ಲಕ್ವದ ರೋಗಿಗಳು ಇಂಥ ಲೆಕ್ಕದಲ್ಲಿ ಸರಿಯಾಗಿ ಸಿಗುವುದೇ ಇಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ವಿಧ. ಅದರಲ್ಲಿ ಕಿವಿ ಇತ್ತು, ಮಾತು ಪ್ರತ್ಯೇಕವಾಗಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಮಾತು ಮತ್ತು ಭಾಷೆಯ ನ್ಯೂನತೆಗೂ ಆಟಿಸಂಗೂ ಜಾಗ ಸಿಕ್ಕಿತು. ಈಗ ಆಸ್ಪತ್ರೆಗಳಲ್ಲೂ ಶಾಲೆಗಳಲ್ಲೂ ಈ ಕೆಲಸದ ಹೆಸರು ಕೇಳಿಬರುತ್ತಿರುವುದಕ್ಕೆ ಅದೂ ಒಂದು ಕಾರಣ.

ಇಷ್ಟಾದರೂ ಮನೆಯವರು ಮಗುವನ್ನು ಕರೆತರುವುದು ತಡವಾಗಿಯೇ. "ಗಂಡು ಮಕ್ಕಳಿಗೆ ಮಾತು ತಡ", "ಅವನ ಅಪ್ಪನೂ ಮಾತಾಡಿದ್ದು ಮೂರು ಕಳೆದ ಮೇಲೆ" ಅಂತ ಸಮಾಧಾನ ಹೇಳುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ಬಜೆ ತೇದು ನಾಲಗೆಗೆ ಹಚ್ಚುವುದೂ ನಡೆಯುತ್ತದೆ. ವೈದ್ಯಕೀಯ ಲೆಕ್ಕ ಬೇರೆ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ತೊಂದರೆ ಇದೆಯೇ ಇಲ್ಲವೇ ಎಂಬ ತೀರ್ಮಾನ, ಆರು ತಿಂಗಳೊಳಗೆ ಮಷೀನು ಮತ್ತು ಥೆರಪಿ ಶುರು. ಎರಡು ವರ್ಷ ತುಂಬಿದ ಮಗು ಎರಡು ಶಬ್ದ ಜೋಡಿಸಿ ಹೇಳುತ್ತಿಲ್ಲ ಅಂದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಕೇಳದ್ದನ್ನು ಮಗು ಆಡುವುದು ಹೇಗೆ?

ಚಿತ್ರದ ಕಾರ್ಡು ಮತ್ತು ಪೆಲಕಾಯಿ

ಥೆರಪಿ ಕೋಣೆಯೊಳಗೆ ಏನಾಗುತ್ತದೆ ನೋಡೋಣ. ಎಣ್ಮಕಜೆ ಕಡೆಯ ತುಳು ಮನೆಯ ಮಗು ಅಂದುಕೊಳ್ಳಿ, ಮೂರೂವರೆ ವರ್ಷ. ಥೆರಪಿಸ್ಟ್ ತೆಂಕಿನ ಜಿಲ್ಲೆಯವರು, ಒಳ್ಳೆಯವರು, ಚೆನ್ನಾಗಿ ಓದಿದವರು. ಮೇಜಿನ ಮೇಲೆ ಚಿತ್ರದ ಕಾರ್ಡುಗಳಿವೆ. ಹಲಸಿನಕಾಯಿಯ ಚಿತ್ರ ಎತ್ತಿ ಹಿಡಿದು "ಇದ್ ಎಂದಾ?" (ಇದೇನು?) ಅಂತ ಮಲಯಾಳದಲ್ಲಿ ಕೇಳುತ್ತಾರೆ. ಮಗು "ಪೆಲಕಾಯಿ" ಅನ್ನುತ್ತದೆ. ಅವರು ಕಾಯುತ್ತಿದ್ದದ್ದು "ಚಕ್ಕ" ಎಂಬ ಉತ್ತರಕ್ಕೆ. ಇದಾದರೂ ಪರವಾಗಿಲ್ಲ, ಬೇರೆ ಭಾಷೆಯ ಶಬ್ದ ಅಂತ ಗೊತ್ತಾಗಬಹುದು. ಮುಂದಿನ ಕಾರ್ಡು ಬೆಕ್ಕು. ಮಲಯಾಳದಲ್ಲಿ ಪೂಚ್ಚ, ಮಗು ಹೇಳಿದ್ದು ಪುಚ್ಚೆ. ಆಮೇಲೆ ಕಾಗೆ. ಮಲಯಾಳದಲ್ಲಿ ಕಾಕ್ಕ, ಮಗು ಹೇಳಿದ್ದು ಕಕ್ಕೆ. ತುಳು ಗೊತ್ತಿಲ್ಲದವರ ಕಿವಿಗೆ ಇದು ಏನಾಗಿ ಕೇಳುತ್ತದೆ? ಎರಡೂ ಕಡೆ ದೀರ್ಘ ಹೋಗಿ ಹ್ರಸ್ವ ಆಗಿದೆ, ಕೊನೆಯ ಸ್ವರ ಬದಲಾಗಿದೆ. ಕಾಗದದ ಮೇಲೆ ಅದು ಸ್ವರದ ದೋಷ. ನಿಜದಲ್ಲಿ ಮಗು ಎರಡು ತುಳು ಶಬ್ದಗಳನ್ನು ಅಚ್ಚುಕಟ್ಟಾಗಿ ಹೇಳಿದೆ.

ಬ್ಯಾರಿ ಮನೆಯ ಮಗುವಿನ ಕಥೆ ಇನ್ನೂ ಸೂಕ್ಷ್ಮ. ಬ್ಯಾರಿಯಲ್ಲಿ ಲ-ಳ, ನ-ಣ ಭೇದ ಇಲ್ಲ. ಮಲಯಾಳದಲ್ಲಿ ಶಬ್ದದ ಮೊದಲಿಗೆ ವ ಬರುವ ಕಡೆ ಬ್ಯಾರಿಯಲ್ಲಿ ಬ ಬರುತ್ತದೆ. ಬೀಜಕ್ಕೆ ಅಲ್ಲಿ ವಿತ್ತ್, ಇಲ್ಲಿ ಬಿತ್ತ್. ಒಂದು ಅಕ್ಷರದ ಬದಲು ಇನ್ನೊಂದನ್ನು ಹೇಳುವುದು ಉಚ್ಚಾರ ದೋಷದ ಪಾಠದಲ್ಲಿ ಮೊದಲು ಬರುವ ವಿಷಯ. ಹಾಗಾಗಿ ಈ ಮಗುವಿಗೆ ಬೇಡದ ಥೆರಪಿ ಶುರುವಾಗುವ ಸಾಧ್ಯತೆ ಇದೆ. ಕನ್ನಡ ಶಾಲೆಯಲ್ಲಿ ಅದೇ ಮಗು "ಹಣ್ಣು" ಅನ್ನುವಲ್ಲಿ "ಹನ್ನು" ಅಂದರೆ ನಮ್ಮ ಮೇಷ್ಟ್ರುಗಳೂ ತಲೆ ಮೇಲೆ ಮೊಟಕುತ್ತಾರೆ. ಈ ವಿಷಯದಲ್ಲಿ ಮಲಯಾಳಿಗಳನ್ನು ಮಾತ್ರ ದೂರಿ ಫಲವಿಲ್ಲ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ಅದು ಜಾಸ್ತಿ ಅಪಾಯದ್ದು. ಮಗುವಿಗೆ ನಿಜವಾಗಿಯೂ ತೊಂದರೆ ಇರುತ್ತದೆ. ಆದರೆ "ಮನೆಯಲ್ಲಿ ಮೂರು ಭಾಷೆ ಅಲ್ವಾ, ಅದಕ್ಕೇ ಕನ್‌ಫ್ಯೂಸ್ ಆಗಿದೆ, ದೊಡ್ಡದಾದರೆ ಸರಿಯಾಗುತ್ತದೆ" ಅಂತ ಕಳಿಸಿಬಿಡುತ್ತಾರೆ. ಎರಡು ವರ್ಷ ಹೋಯಿತು. ಭಾಷೆ ಕಲಿಕೆಗೆ ಅದಕ್ಕಿಂತ ಬೆಲೆಬಾಳುವ ಎರಡು ವರ್ಷ ಮತ್ತೆ ಸಿಗುವುದಿಲ್ಲ.

ಈ ಕ್ಷೇತ್ರದ ತಿಳುವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಎರಡು ಮೂರು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗುವಿಗೆ ಭಾಷಾ ದೋಷ ಬರುವುದಿಲ್ಲ. ದೋಷ ಇದ್ದರೆ ಅದು ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣಿಸುತ್ತದೆ. ಒಂದರಲ್ಲಿ ಮಾತ್ರ ಹಿಂದಿದ್ದರೆ ಆ ಭಾಷೆ ಸಾಕಷ್ಟು ಕಿವಿಗೆ ಬಿದ್ದಿಲ್ಲ ಅಂತ ಅರ್ಥ. ಹಾಗಾದರೆ ಸರಿಯಾಗಿ ಪರೀಕ್ಷಿಸಬೇಕು ಅಂದರೆ ಮಗುವಿನ ಎಲ್ಲ ಭಾಷೆಗಳನ್ನೂ ಕೇಳಬೇಕು. ಕೇಳುವವರು ಯಾರು?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನುವುದು, 1965ರಲ್ಲಿ ಶುರುವಾದದ್ದು. ಕನ್ನಡದ ಉಚ್ಚಾರ ಪರೀಕ್ಷೆ, ಭಾಷಾ ಪರೀಕ್ಷೆಗಳಲ್ಲಿ ಬಹಳಷ್ಟು ಹುಟ್ಟಿದ್ದು ಅಲ್ಲಿ. ಮಲಯಾಳಕ್ಕೂ ಪರೀಕ್ಷೆಗಳಿವೆ. ತುಳು, ಬ್ಯಾರಿ, ಹವ್ಯಕ, ಕರಾಡ, ಕೊರಗ ಭಾಷೆಗಳಿಗೆ ಆ ಮಟ್ಟದ ಸಿದ್ಧ ಸಾಮಗ್ರಿ ಇಲ್ಲ. ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಸ್ವಾಗತ ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವಲ್ಲ, ಅದರ ಬಿಲ್ಲು ಬರುವುದು ಇಂಥ ಕೋಣೆಗಳಲ್ಲಿ. ಸಿದ್ಧ ಪರೀಕ್ಷೆ ಇಲ್ಲದ ಕಡೆ ಉಳಿಯುವುದು ಆ ಭಾಷೆ ಗೊತ್ತಿರುವ ಥೆರಪಿಸ್ಟಿನ ಕಿವಿ ಒಂದೇ.

ಇನ್ನೊಂದು ಸಲಹೆ ಬಹಳ ಮನೆಗಳನ್ನು ಕೆಡಿಸಿದೆ: "ಮಗುವಿನ ಹತ್ತಿರ ಒಂದೇ ಭಾಷೆ ಮಾತಾಡಿ." ಆ ಒಂದು ಭಾಷೆ ಸಾಮಾನ್ಯವಾಗಿ ಥೆರಪಿಸ್ಟಿಗೆ ಬರುವ ಭಾಷೆ. ಅಪ್ಪ ಗಲ್ಫಿನಲ್ಲಿ, ಅಮ್ಮ ಕೆಲಸಕ್ಕೆ ಹೋಗುತ್ತಾರೆ, ದಿನವಿಡೀ ಮಗುವಿನ ಜೊತೆ ಇರುವ ಅಜ್ಜಿಗೆ ತುಳು ಬಿಟ್ಟು ಬೇರೆ ಬಾರದು. ಅಜ್ಜಿ ಬಾಯಿ ಮುಚ್ಚಿಕೊಂಡರೆ ಮಗುವಿಗೆ ಸಿಗುವ ಮಾತು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಥೆರಪಿ ವಾರಕ್ಕೆ ಒಂದೆರಡು ಗಂಟೆ. ಮಿಕ್ಕ ಹೊತ್ತೆಲ್ಲ ಅಜ್ಜಿಯೇ ಥೆರಪಿಸ್ಟ್. ಕೊಟ್ಟ ಹೋಂವರ್ಕನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳಿಕೊಡುವವರು ಬೇಕು.

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಶ್ರವಣ ಸಾಧನ, ಆದ ಮಕ್ಕಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕೇರಳ ಸರ್ಕಾರದ ಶ್ರುತಿತರಂಗಂ ಯೋಜನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಉಚಿತವಾಗಿ ಇಂಪ್ಲಾಂಟ್ ಮಾಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಆಪರೇಷನ್ ಕೆಲವು ಗಂಟೆಯದ್ದು, ಕೇಳಿದ ಶಬ್ದಕ್ಕೆ ಅರ್ಥ ಕಟ್ಟಿಕೊಳ್ಳುವ ತರಬೇತಿ ವರ್ಷಗಟ್ಟಲೆಯದ್ದು. ಅದು ಮನೆಯ ಭಾಷೆಯಲ್ಲಿ ನಡೆಯದಿದ್ದರೆ ಮಗು ಕ್ಲಿನಿಕ್ಕಿನಲ್ಲಿ ಒಂದು ಭಾಷೆ ಕಲಿತು ಮನೆಯಲ್ಲಿ ಮೂಕವಾಗಿ ಕೂರುತ್ತದೆ.

ದೊಡ್ಡವರ ಕಡೆ ಬಂದರೆ ಲಕ್ವ. ಹಲವು ಭಾಷೆ ಬಲ್ಲವರಿಗೆ ಮಿದುಳಿನ ಆಘಾತವಾದಾಗ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಹೋಗಬೇಕೆಂದಿಲ್ಲ, ಒಟ್ಟಿಗೇ ಮರಳಬೇಕೆಂದೂ ಇಲ್ಲ. ಮೊದಲು ಕಲಿತ ಭಾಷೆ ಮೊದಲು ಬರುತ್ತದೆ ಎಂಬ ಅಭಿಪ್ರಾಯ 19ನೇ ಶತಮಾನದಲ್ಲಿತ್ತು. ಫ್ರಾನ್ಸಿನ ವೈದ್ಯ ಪಿತ್ರ್ 1895ರಲ್ಲಿ ಅದನ್ನು ಒಪ್ಪದೆ, ರೋಗಿ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಬರುತ್ತದೆ ಎಂದ. ಎರಡಕ್ಕೂ ಉದಾಹರಣೆ ಸಿಗುತ್ತದೆ, ಎರಡಕ್ಕೂ ಅಪವಾದ ಸಿಗುತ್ತದೆ. ಉಪ್ಪಳದ ಅಂಗಡಿಯ ಯಜಮಾನರಿಗೆ ಕೊಂಕಣಿ ಉಳಿದು ಮಲಯಾಳ ಹೋಗಿರಬಹುದು. ಅವರನ್ನು ಮಲಯಾಳದಲ್ಲಿ ಮಾತ್ರ ಪರೀಕ್ಷಿಸಿದರೆ "ಏನೂ ಉಳಿದಿಲ್ಲ" ಎಂದೇ ಬರೆಯಬೇಕಾಗುತ್ತದೆ.

ಹನ್ನೊಂದು ಪಂಚಾಯತುಗಳು

ಕಾಸರಗೋಡಿನಲ್ಲಿ ಈ ವಿಷಯ ಬರೆದು ಎಂಡೋಸಲ್ಫಾನ್ ಬಿಟ್ಟರೆ ಆಗುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಮೇಲೆ ಸಿಂಪಡಿಸಿದ ವಿಷ ಅದು. 2000ದ ಹೊತ್ತಿಗೆ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದರ ಬಳಕೆಯನ್ನೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿತು. ಬಾಧಿತ ಎಂದು ಗುರುತಿಸಿದ 11 ಪಂಚಾಯತುಗಳಲ್ಲಿ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ ಸೇರಿವೆ. ಇವೆಲ್ಲ ಕನ್ನಡ, ತುಳು ಆಡುವವರು ತುಂಬಿರುವ ಪಂಚಾಯತುಗಳು. ಪತ್ರಿಕೆಗಳಲ್ಲಿ ಫೋಟೋ ಆಗಿ ಬಂದ ಮಕ್ಕಳಲ್ಲಿ ಉಳಿದವರು ಈಗ ಮಕ್ಕಳಲ್ಲ, ಯುವಕ ಯುವತಿಯರು. ಕೆಲವರಿಗೆ ಇವತ್ತಿಗೂ ಮಾತಿಲ್ಲ, ನುಂಗುವುದೂ ಕಷ್ಟ.

ಇವರಿಗೆ ಸ್ಪೀಚ್ ಥೆರಪಿ ಅಂದರೆ ಅ ಆ ಇ ಈ ಹೇಳಿಸುವುದಲ್ಲ. ತಲೆಯನ್ನು ಯಾವ ಕೋನದಲ್ಲಿ ಹಿಡಿದು ಉಣಿಸಿದರೆ ಕೆಮ್ಮು ಬರುವುದಿಲ್ಲ, ಗಂಜಿ ಎಷ್ಟು ದಪ್ಪ ಇರಬೇಕು ಅಂತ ಅಮ್ಮನಿಗೆ ತೋರಿಸಿಕೊಡುವುದು. ಹಸಿವು, ನೋವು, ಬಚ್ಚಲು ಎಂಬ ಮೂರು ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಕಣ್ಣಿನಲ್ಲೇ ತೋರಿಸಲು ಕಲಿಸುವುದು. ಇದಕ್ಕೆ ದೊಡ್ಡ ಯಂತ್ರ ಬೇಡ. ಅಮ್ಮನ ಹತ್ತಿರ ಅರ್ಧ ಗಂಟೆ ಕೂತು ಅವರ ಭಾಷೆಯಲ್ಲಿ ಮಾತಾಡಲು ಬರಬೇಕು. ಪಂಚಾಯತುಗಳ ಬಡ್ಸ್ ಶಾಲೆಗಳು ಇಂಥವರಿಗಾಗಿ ಇವೆ. ಕಟ್ಟಡಕ್ಕೆ ಹಣ ಬರುತ್ತದೆ. ಥೆರಪಿಸ್ಟ್ ಪೂರ್ತಿ ವಾರ ಇರುತ್ತಾರೆಯೇ, ಬಂದವರು ಎಷ್ಟು ಕಾಲ ಉಳಿಯುತ್ತಾರೆ ಎಂಬುದು ಬೇರೆ ಪ್ರಶ್ನೆ.

ಓದುವುದು ಎಲ್ಲಿ, ದುಡಿಯುವುದು ಎಲ್ಲಿ

ಬಿಎಎಸ್‌ಎಲ್‌ಪಿ ನಾಲ್ಕು ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಬಯಾಲಜಿಯೋ ಮ್ಯಾಥ್ಸೋ ಇದ್ದರೆ ಆಯಿಷ್‌ಗೆ ಅರ್ಜಿ ಹಾಕಬಹುದು. ಬಯಾಲಜಿ ಇಲ್ಲದವರು ದಾರಿ ಮುಚ್ಚಿತು ಅಂದುಕೊಳ್ಳುವುದು ತಪ್ಪು. ಆಯಿಷ್ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಕೇರಳದಲ್ಲಿ ಈ ಕೋರ್ಸಿನ ಸೀಟು ಹಂಚುವುದು ಎಲ್‌ಬಿಎಸ್ ಸೆಂಟರ್, ನಮ್ಮ ಪೊವ್ವಲ್‌ನ ಇಂಜಿನಿಯರಿಂಗ್ ಕಾಲೇಜು ನಡೆಸುವ ಅದೇ ಎಲ್‌ಬಿಎಸ್. ತಿರುವನಂತಪುರದ ನಿಷ್, ಅಂದರೆ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ, 1997ರಿಂದ ಇದೆ, ಹೆಸರೂ ಇದೆ, ಆದರೆ ಕಾಸರಗೋಡಿನಿಂದ 550 ಕಿಲೋಮೀಟರಿಗೂ ದೂರ. ಜಿಲ್ಲೆಯೊಳಗೇ ಬದಿಯಡ್ಕದಲ್ಲಿ ಮಾರ್ತೋಮಾ ಕಾಲೇಜಿದೆ. ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ನಿಟ್ಟೆ ಕಾಲೇಜುಗಳಿವೆ, ಆಚೆಗೆ ಮಣಿಪಾಲ ಇದೆ.

ಮಂಗಳೂರಿನಲ್ಲಿ ಓದಿದರೆ ಕ್ಲಿನಿಕ್ಕಿನಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತದೆ. ತೆಂಕಣ ಕೇರಳದಲ್ಲಿ ಓದಿದರೆ ಮಲಯಾಳದ ಪರೀಕ್ಷೆಗಳಲ್ಲಿ ಕೈ ಪಳಗುತ್ತದೆ. ಕಾಸರಗೋಡಿನಲ್ಲೇ ಕೆಲಸ ಮಾಡುವ ಆಸೆ ಇರುವವರಿಗೆ ಡಿಗ್ರಿ ಒಂದು ಕಡೆ, ಇಂಟರ್ನ್‌ಶಿಪ್‌ನ ಸ್ವಲ್ಪ ಭಾಗವಾದರೂ ಇನ್ನೊಂದು ಕಡೆ ಆದರೆ ಒಳ್ಳೆಯದು.

ಓದು ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ ರಿಜಿಸ್ಟರಿನಲ್ಲಿ ಹೆಸರು ಸೇರಿಸಲೇಬೇಕು. ಆ ನಂಬರ್ ಇಲ್ಲದೆ ಪ್ರಾಕ್ಟೀಸ್ ಮಾಡುವುದು 1992ರ ಕಾಯ್ದೆ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ದಂಡಕ್ಕೆ ಈಗ ಯಾರು ಹೆದರುತ್ತಾರೆ? ಅದಕ್ಕೇ ಅಲ್ವಾ, ಎರಡು ವಾರದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದುಕೊಂಡು "ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್" ಬೋರ್ಡು ಹಾಕುವವರು ಪೇಟೆಗಳಲ್ಲಿ ಹುಟ್ಟಿಕೊಳ್ಳುವುದು. ಒಂದು ವರ್ಷದ ಡಿಪ್ಲೊಮಾವೂ ಇದೆ. ಅದು ಸಹಾಯಕರ ಮಟ್ಟದ ಕೆಲಸಕ್ಕೆ, ಡಿಗ್ರಿಗೆ ಬದಲಿ ಅಲ್ಲ.

ಕೆಲಸದ ವಿಷಯದಲ್ಲಿ ಬಣ್ಣ ಹಚ್ಚಿ ಹೇಳುವುದು ಬೇಡ. ಸರ್ಕಾರಿ ಕಾಯಂ ಹುದ್ದೆಗಳು ಕಡಿಮೆ. ಜಿಲ್ಲಾ ಮಟ್ಟದ ಮಕ್ಕಳ ನ್ಯೂನತೆ ಬೇಗ ಪತ್ತೆಹಚ್ಚುವ ಕೇಂದ್ರಗಳಲ್ಲೂ ಶಾಲೆಗಳ ಬಿಆರ್‌ಸಿಗಳಲ್ಲೂ (ಬ್ಲಾಕ್ ರಿಸೋರ್ಸ್ ಸೆಂಟರ್) ಕಾಂಟ್ರಾಕ್ಟ್ ಕೆಲಸವೇ ಜಾಸ್ತಿ. ಹಿಯರಿಂಗ್ ಏಡ್ ಕಂಪನಿಗಳಲ್ಲಿ ಬೇಗ ಕೆಲಸ ಸಿಗುತ್ತದೆ, ಆದರೆ ಅಲ್ಲಿ ತಿಂಗಳಿಗೆ ಇಷ್ಟು ಮಷೀನು ಮಾರಬೇಕು ಎಂಬ ಟಾರ್ಗೆಟ್ಟಿನ ಒತ್ತಡ ಇರುತ್ತದೆ. ಅಮೆರಿಕಕ್ಕೆ ಸ್ಪೀಚ್ ಥೆರಪಿಸ್ಟಾಗಿ ಹೋಗಲು ಬರಿಯ ಬಿಎಎಸ್‌ಎಲ್‌ಪಿ ಸಾಲದು, ಮಾಸ್ಟರ್ಸ್ ಮತ್ತು ಅಲ್ಲಿನ ಲೈಸೆನ್ಸ್ ಬೇಕು. ಗಲ್ಫ್ ನಮಗೆ ಹತ್ತಿರದ ದಾರಿ, ಅಲ್ಲಿಗೂ ಆಯಾ ದೇಶದ ಆರೋಗ್ಯ ಇಲಾಖೆಯ ಲೈಸೆನ್ಸ್ ಬೇಕು. ಗಲ್ಫಿನಲ್ಲಿ ಇರುವ ನಮ್ಮೂರಿನ ಸಂಸಾರಗಳ ಮಕ್ಕಳಿಗೆ ಮಲಯಾಳ, ಕನ್ನಡ, ಬ್ಯಾರಿ ಗೊತ್ತಿರುವ ಥೆರಪಿಸ್ಟ್ ಸಿಕ್ಕಿದರೆ ಅವರು ಬಿಡುತ್ತಾರಾ?

ಸ್ವಂತ ಕ್ಲಿನಿಕ್ ತೆರೆಯುವುದು ಇನ್ನೊಂದು ದಾರಿ. ಮಾತಿನ ಥೆರಪಿಗೆ ಒಂದು ಕೋಣೆ, ಒಂದು ಕನ್ನಡಿ, ಆಟದ ಸಾಮಾನು, ಕಾರ್ಡುಗಳು ಸಾಕು. ಕಿವಿ ಪರೀಕ್ಷೆಗಾದರೆ ಶಬ್ದ ನುಗ್ಗದ ಕೋಣೆ, ಆಡಿಯೋಮೀಟರ್ ಎಲ್ಲ ಬೇಕಾಗಿ ಖರ್ಚು ಏರುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಜನ ಈಗ ವಾರ ವಾರ ಮಗುವನ್ನು ಎತ್ತಿಕೊಂಡು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರಲ್ಲಿ ಆ ಗಡಿ ಮುಚ್ಚಿದಾಗ ಇದು ಎಷ್ಟು ಅಪಾಯದ ಅವಲಂಬನೆ ಎಂದು ಎಲ್ಲರಿಗೂ ಗೊತ್ತಾಯಿತು. ಆಗ ಸುದ್ದಿಯಾದದ್ದು ಆಂಬುಲೆನ್ಸ್‌ಗಳು. ನಿಂತುಹೋದ ಥೆರಪಿ ಸುದ್ದಿಯಾಗಲಿಲ್ಲ.

ಗುಮಾಸ್ತರಿಗೆ ಬೇಕಾದ ಕನ್ನಡ

ಕೇರಳ ಪಿಎಸ್‌ಸಿಗೆ ಭಾಷೆಯ ಅಗತ್ಯ ಗೊತ್ತಿಲ್ಲ ಅಂತ ಅಲ್ಲ. ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರು ಬೇಕು ಎಂದು ಪ್ರತ್ಯೇಕವಾಗಿ ಅರ್ಜಿ ಕರೆಯುವ ಪದ್ಧತಿ ಇದೆ. ಹಳೆಯ ದಾಖಲೆ ಓದಬೇಕು, ಕನ್ನಡದಲ್ಲಿ ಬಂದ ಅರ್ಜಿಗೆ ಉತ್ತರ ಬರೆಯಬೇಕು, ಸರಿ. ಪಹಣಿ ಓದುವವರಿಗೆ ಕನ್ನಡ ಬೇಕಾದರೆ ಮಗುವಿನ ಮಾತು ಅಳೆಯುವವರಿಗೆ ಬೇಡವೇ? ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ನಾವು ಬೀದಿಗಿಳಿದಿದ್ದೇವೆ. ಥೆರಪಿಸ್ಟ್ ವಿಷಯದಲ್ಲಿ ಒಂದು ಮನವಿಯೂ ಹೋದಂತೆ ಕಾಣುವುದಿಲ್ಲ. ಕನ್ನಡ ಸಂಘಟನೆಗಳು ಕೇಳಬಹುದಾದದ್ದು ಸಣ್ಣದು: ಬಡ್ಸ್, ಬಿಆರ್‌ಸಿ, ಆಸ್ಪತ್ರೆಗಳ ಕಾಂಟ್ರಾಕ್ಟ್ ಸಂದರ್ಶನದಲ್ಲಿ ಸ್ಥಳೀಯ ಭಾಷೆಗಳಿಗೆ ಅಂಕ ಕೊಡಿ. ಇದಕ್ಕೆ ಹೊಸ ಹುದ್ದೆ ಬೇಡ, ಹೊಸ ಕಾಯ್ದೆಯೂ ಬೇಡ. ಆ ಅಂಕ ಕನ್ನಡಕ್ಕೆ ಮಾತ್ರ ಅಂತ ಕೇಳಿದರೆ ತುಳು, ಬ್ಯಾರಿ ಮಕ್ಕಳಿಗೆ ನಾವೇ ಅನ್ಯಾಯ ಮಾಡಿದ ಹಾಗಾಗುತ್ತದೆ, ಅದೂ ನೆನಪಿರಲಿ.

ಈ ವರ್ಷ ಪ್ಲಸ್ ಟು ಮುಗಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅರ್ಜಿ ಹಾಕುವ ಮುಂಚೆ ಯಾವುದಾದರೂ ಥೆರಪಿ ಸೆಂಟರಿನಲ್ಲಿ ಅನುಮತಿ ಕೇಳಿ ಒಂದು ಬೆಳಗ್ಗೆ ಸುಮ್ನೆ ಕೂತು ನೋಡಿ. ಒಂದೇ ಶಬ್ದವನ್ನು ನಲವತ್ತು ಸಲ ಹೇಳಿಸುವುದು, ಮಗು ಅಳುವುದು, ಅಮ್ಮ ಕಣ್ಣೊರೆಸಿಕೊಳ್ಳುವುದು, ತಿಂಗಳು ಕಳೆದರೂ ಬದಲಾವಣೆ ಕಾಣದಿರುವುದು, ಇಷ್ಟನ್ನು ನೋಡಿಯೂ ಮನಸ್ಸಿದ್ದರೆ ಮುಂದುವರಿಯಿರಿ. ಕರ್ನಾಟಕದ ಕಾಲೇಜಾದರೆ ಗಡಿನಾಡ ಕನ್ನಡಿಗರಿಗೆ ಸೀಟಿನ ಅರ್ಹತೆ ಕೊಡುವ ಕಲಂ ಈ ಕೋರ್ಸಿಗೆ ಸಿಗುತ್ತದಾ ಅಂತ ಆಫೀಸಿನಲ್ಲಿ ಕೇಳಿ. ಕಾಲೇಜಿಗೆ ಆ ವರ್ಷದ ಆರ್‌ಸಿಐ ಮಾನ್ಯತೆ ಇದೆಯಾ ಎಂದು ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ, ಕಾಲೇಜಿನ ಬ್ರೋಷರಿನಲ್ಲಿ ಅಲ್ಲ. ಫೀಸು ಕಟ್ಟುವುದು ಅದಾದ ಮೇಲೆ.